ಟ್ಯಾಬ್ ಅಗ್ಗ, ಓದು ದುಬಾರಿ

ಟ್ಯಾಬ್ ಕೊಂಡರೆ ಇಡೀ ಲೈಬ್ರರಿ ಕೈಯಲ್ಲಿದ್ದಂತೆ ಎನ್ನುತ್ತಾರೆ. ಕನ್ನಡ ಓದುವವರ ಮಟ್ಟಿಗೆ ನಾನಿದನ್ನು ಒಪ್ಪುವುದಿಲ್ಲ.

2011ರಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ‘ಆಕಾಶ್’ ಟ್ಯಾಬ್ ತಂದಿತು. 7 ಇಂಚಿನ ಪರದೆ, 256 ಎಂಬಿ ರ‍್ಯಾಮ್, ಸರ್ಕಾರಕ್ಕೆ ಬಿದ್ದ ಬೆಲೆ ಸುಮಾರು 2,250 ರೂಪಾಯಿ. ಎಲ್ಲರೂ ಬೆಲೆಯ ಬಗ್ಗೆಯೇ ಮಾತಾಡಿದರು. ಅದರಲ್ಲಿ ಓದುವುದೇನನ್ನು ಎಂಬ ಪ್ರಶ್ನೆ ಹಿಂದೆ ಬಿತ್ತು.

ಇವತ್ತಿನ ಟ್ಯಾಬ್‌ಗಳು ಎಷ್ಟೋ ಸುಧಾರಿಸಿವೆ. ಪ್ರಶ್ನೆ ಅಲ್ಲೇ ಇದೆ. ಇಂಗ್ಲಿಷ್ ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ಪರದೆಗೆ ಹೊಂದಿಕೊಳ್ಳುತ್ತವೆ, ಬೇಕಾದ ಪದ ಹುಡುಕಬಹುದು. ನಮ್ಮ ಹಳೆಯ ಪುಸ್ತಕಗಳು ಹೆಚ್ಚಾಗಿ ಸಿಗುವುದು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಾಗಿ, ಅಂದರೆ ಪುಟದ ಫೋಟೊಗಳಾಗಿ. ಹಿಗ್ಗಿಸಿದರೆ ಅರ್ಧ ಸಾಲು ಪರದೆಯಾಚೆ. ಶಾಸನಸಂಪುಟದಲ್ಲಿ ಒಂದು ಪದ ಹುಡುಕಲು ನಾನು ಪುಟ ಪುಟವನ್ನೂ ಸರಿಸಬೇಕು. ನುಡಿ, ಬರಹದ ಹಳೆಯ ಫಾಂಟುಗಳ ಕಡತ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ.

ಯಂತ್ರ ಬಂದರೆ ಪಠ್ಯ ತಾನಾಗಿ ಬರುತ್ತದೆ ಎನ್ನುವವರಿದ್ದಾರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ತಾನಾಗಿ ಬರುವುದಿದ್ದರೆ ಇಷ್ಟರಲ್ಲಿ ಬಂದಿರಬೇಕಿತ್ತು. ಒಸಿಆರ್ ಇದೆ, ನಿಜ. ಹಳೆಯ ಅಚ್ಚಿನ ಒತ್ತಕ್ಷರಗಳಲ್ಲಿ ಅದು ಎಡವುತ್ತದೆ. ಕರಡು ತಿದ್ದಲು ಕನ್ನಡ ಬಲ್ಲವರೇ ಬೇಕು, ಅವರಿಗೆ ಸಂಬಳವೂ ಬೇಕು.

ಆದ್ದರಿಂದ ಸಾರ್ವಜನಿಕ ಹಣದಲ್ಲಿ ಟ್ಯಾಬ್ ಹಂಚುವ ಮೊದಲು, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿಸಿ, ತಿದ್ದಿಸಿ, ಉಚಿತವಾಗಿ ಕೊಡಿ. ಟ್ಯಾಬ್ ಕೆಲವೇ ವರ್ಷಗಳಲ್ಲಿ ಮೂಲೆ ಸೇರುತ್ತದೆ. ಸರಿಯಾಗಿ ಟೈಪಾದ ಪುಸ್ತಕ ಮುಂದಿನ ಟ್ಯಾಬಿಗೂ ಆಗುತ್ತದೆ, ಟ್ಯಾಬ್ ಕೊಳ್ಳಲಾಗದವರ ಮೊಬೈಲಿಗೂ ಆಗುತ್ತದೆ.