ತೂತಿನ ಡಿಸ್ಕೋ, ತೂಕದ ಡಿಸ್ಕೋ?

ಪುಣೆಯ ಸೋದರಿಯೊಬ್ಬರು ಕಾಗದ ಬರೆದಿರುವರು. ಅವರ ಯಜಮಾನರದು ಪಿಕಪ್ ಗಾಡಿ. ವಾರಕ್ಕೆ ನಾಲ್ಕು ರಾತ್ರಿ ತರಕಾರಿ ಹೇರಿಕೊಂಡು ಖಂಡಾಳಾ ಘಾಟಿ ಇಳಿದು ವಾಶಿ ಮಾರುಕಟ್ಟೆಗೆ ಹೋಗುತ್ತಾರೆ. ಈಚೆಗೆ ಬ್ರೇಕು ತುಳಿದರೆ ಸ್ಟಿಯರಿಂಗು ಗಡಗಡ ನಡುಗುತ್ತದೆಯಂತೆ. ಮುಂದಿನ ಡಿಸ್ಕುಗಳನ್ನು ಬದಲಿಸಬೇಕೆಂದು ಮಿಸ್ತ್ರಿ ಹೇಳಿದ್ದಾನೆ. ಕಾಲೇಜಿಗೆ ಹೋಗುವ ಮಗನಿಗೆ ತೂತು ಕೊರೆದ, ಮಿರಿಮಿರಿ ಹೊಳೆಯುವ ಡಿಸ್ಕೇ ಆಗಬೇಕು. ಅಂಗಡಿಯವನು ಅರ್ಧ ಬೆಲೆಯ ಇನ್ನೊಂದನ್ನು ಮುಂದಿಟ್ಟಿದ್ದಾನೆ. “ಮನೆಯ ಲೆಕ್ಕ ಬರೆಯುವವಳು ನಾನು. ಯಾವುದಕ್ಕೆ ದುಡ್ಡು ಕೊಡಲಿ?” ಎಂದು ಕೇಳಿರುವರು.

ಲೆಕ್ಕವೆಂದಿರಲ್ಲ, ಅಲ್ಲಿಂದಲೇ ಹೊರಡೋಣ. ಹೇರು ಸೇರಿ ಗಾಡಿ 3 ಟನ್ ಎಂದಿಟ್ಟುಕೊಳ್ಳಿ. ಖಂಡಾಳೆಯಿಂದ ಖೋಪೋಲಿಗೆ ಸುಮಾರು 500 ಮೀಟರ್ ಇಳಿಯಬೇಕು. ಅಷ್ಟು ಭಾರ ಅಷ್ಟು ಕೆಳಕ್ಕೆ ಬರುವಾಗ ಬಿಡುಗಡೆಯಾಗುವ ಶಕ್ತಿಯಿಂದ, ನಿಮ್ಮ ಬಚ್ಚಲ ಹಂಡೆಯಲ್ಲಿ 50 ಲೀಟರ್ ನೀರನ್ನು ಕುದಿಯುವವರೆಗೆ ಕಾಯಿಸಬಹುದು! ಕೆಳಗಿನ ಗೇರಿನಲ್ಲಿ ಇಳಿದರೆ ಇದರಲ್ಲೊಂದು ಪಾಲನ್ನು ಎಂಜಿನ್ನು ಹೊತ್ತುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಸಿ ಡೀಸೆಲ್ ಉಳಿಸುವ ಜಾಣರಿದ್ದಾರಷ್ಟೆ. ಅವರ ಗಾಡಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿನ ತಲೆಗೇ, ಅದರಲ್ಲೂ ಮುಂದಿನ ಚಕ್ರಗಳ ತಲೆಗೆ. ಬಿಸಿ ಮಿತಿ ಮೀರಿದರೆ ಪೆಡಲು ಕಾಲಿಗೆ ಗಟ್ಟಿಯಾಗಿಯೇ ಸಿಕ್ಕುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಘಾಟಿಯ ತಿರುವಿನಲ್ಲಿ ಹಾಗಾದರೆ ಏನು ಗತಿಯೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಡಿಸ್ಕೆಂದರೆ ಶಾಖ ಹೊರುವ ಎರಕದ ಕಬ್ಬಿಣ. ಎರಡು ತಟ್ಟೆಗಳ ನಡುವೆ ಪಕ್ಕೆಲುಬಿನಂತೆ ಕಂಬಿಗಳಿದ್ದು, ಚಕ್ರ ತಿರುಗಿದಂತೆ ನಡುವಿನಿಂದ ಗಾಳಿಯನ್ನೆಳೆದು ಅಂಚಿನಿಂದ ಹೊರಗೆ ದೂಡುವ ಡಿಸ್ಕುಗಳುಂಟು. ನಿಮ್ಮದು ಅಂಥದಾದರೆ ಬದಲಿಯೂ ಅಂಥದೇ ಇರಲಿ. ತೂತು ಕೊರೆದರೆ ಶಾಖ ಹೊರಬೇಕಾದ ಕಬ್ಬಿಣವೇ ಅಷ್ಟು ಕಡಿಮೆಯಾಯಿತು; ಮೇಲಾಗಿ ಕಾದು ಆರುವ ಡಿಸ್ಕಿನಲ್ಲಿ ಬಿರುಕು ಹುಟ್ಟುವುದು ಆ ತೂತಿನ ಅಂಚಿನಿಂದಲೇ. ಗೀರು ಹಾಕಿದ್ದು ಪ್ಯಾಡುಗಳನ್ನು ಹೆರೆದು ಬೇಗ ಸವೆಸುತ್ತದೆ. ಮಗನಿಗೆ ಬೇಸರವಾದರೂ ಚಿಂತೆಯಿಲ್ಲ, ತರಕಾರಿ ಗಾಡಿಗೆ ಜರಡಿಯ ಅಲಂಕಾರ ಬೇಡ.

ಇನ್ನು ಅರ್ಧ ಬೆಲೆಯ ಡಿಸ್ಕು. ತರಕಾರಿಯವರ ಮನೆಯಲ್ಲಿ ತಕ್ಕಡಿಗೆ ಬರವೆ? ಹಳೆಯದನ್ನೂ ಹೊಸದನ್ನೂ ತೂಗಿ ನೋಡಿ. ಹಳೆಯದು ಸವೆದದ್ದು, ಹೊಸದು ಅದಕ್ಕಿಂತ ಭಾರವಾಗಿರಲೇಬೇಕು. ಹಗುರವೆಂದು ಕಂಡರೆ ಎಲ್ಲೋ ಕಬ್ಬಿಣ ಕದ್ದಿದ್ದಾರೆ, ಬಿಟ್ಟು ಬನ್ನಿ. ಗಾಡಿ ತಯಾರಿಸಿದವರ ಅಸಲಿ ಡಿಸ್ಕು, ಇಲ್ಲವೆ ಹೆಸರುಳ್ಳ ಬ್ರೇಕ್ ಕಂಪನಿಯ ಅದೇ ಅಳತೆಯದು, ಇವೆರಡರಲ್ಲಿ ಯಾವುದಾದರೂ ಆದೀತು; ರಸೀದಿ ಮಾತ್ರ ಬಿಡಬೇಡಿ. ಒಂದೇ ಹೆಸರಿನ ಗಾಡಿಗೂ ವರ್ಷ ಬದಲಾದರೆ ಅಳತೆ ಬದಲಾಗಿರುವುದುಂಟು. ನಿಮ್ಮೂರಿನ ನಾನಾ ಪೇಠೆಯಾಗಲಿ, ದಿಲ್ಲಿಯ ಕಾಶ್ಮೀರಿ ಗೇಟಾಗಲಿ, ಮದರಾಸಿನವರ ಜಿ.ಪಿ. ರಸ್ತೆಯಾಗಲಿ, ಹೋಗುವಾಗ ಚಾಸಿಸ್ ನಂಬರನ್ನು ಬರೆದುಕೊಂಡು ಹೋಗಿ. ಅಡ್ಡಳತೆ, ದಪ್ಪ, ಬೋಲ್ಟಿನ ತೂತುಗಳು, ನಡುವಿನ ಟೋಪಿಯ ಎತ್ತರ ನಾಲ್ಕೂ ಹೊಂದಬೇಕು. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿ, ಜೊತೆಗೆ ಪ್ಯಾಡುಗಳನ್ನೂ.

ಆದರೆ ಕೊಳ್ಳುವ ಮುನ್ನ ಮಿಸ್ತ್ರಿಯನ್ನು ಒಂದು ಮಾತು ಕೇಳಿ: “ಅಳೆದು ನೋಡಿದೆಯೇನಪ್ಪ?” ಅತಿ ಕಡಿಮೆ ಎಷ್ಟು ದಪ್ಪವಿರಬೇಕೆಂಬುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಲೇತಿಗೆ ಕೊಟ್ಟು ಕಡೆಸುವ ಮಾತೇ ಇಲ್ಲ. ನಡುಕ ಬಂದ ಕೂಡಲೆ “ಡಿಸ್ಕು ಬೆಂಡಾಗಿದೆ” ಎನ್ನುವುದು ಗ್ಯಾರೇಜಿನ ವಾಡಿಕೆ. ಬಹುಮಟ್ಟಿಗೆ ಅದು ಬಾಗಿರುವುದಿಲ್ಲ. ಸುತ್ತಲೂ ಒಂದೇ ದಪ್ಪವಿರುವುದಿಲ್ಲ, ಅಷ್ಟೆ. ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಹೆಚ್ಚುಕಡಿಮೆಯಾದರೂ ಸಾಕು, ಕಾಲಿಗೆ ಗೊತ್ತಾಗುತ್ತದೆ. ಇದರ ಮೂಲ ಎಷ್ಟೋ ಸಲ ಡಿಸ್ಕು ಕೂರುವ ಹಬ್ಬಿನ ತುಕ್ಕು. ಮುಂಬಯಿಯ ಮಳೆ, ಕಡಲಗಾಳಿ ತಿಂದ ಗಾಡಿಗೆ ತುಕ್ಕು ಎಲ್ಲಿಂದ ಬಂತೆಂದು ಕೇಳಬೇಕೆ? ತುಕ್ಕಿನ ಮೇಲೆ ಕೂತ ಹೊಸ ಡಿಸ್ಕು ಕೂದಲೆಳೆಯಷ್ಟು ಓಲಾಡಿ, ಕೆಲವು ಸಾವಿರ ಕಿಲೋಮೀಟರಿನಲ್ಲಿ ಅದೇ ರೋಗ ಹಿಡಿಸಿಕೊಳ್ಳುತ್ತದೆ. ಹಬ್ಬನ್ನು ತಂತಿಬ್ರಷ್ಷಿನಿಂದ ಉಜ್ಜಿಸಿ, ಹೊಸ ಡಿಸ್ಕಿನ ಎಣ್ಣೆಯನ್ನು ತೊಳೆಸಿ. ಆಗ ನೀವೋ ಯಜಮಾನರೋ ಪಕ್ಕದಲ್ಲೇ ನಿಂತಿದ್ದರೆ ಒಳ್ಳೆಯದು.

ಹಾಕಿಸಿದ ರಾತ್ರಿಯೇ ಹೇರು ಹೊತ್ತು ಘಾಟಿಗಿಳಿಯಬಾರದು. ಮೊದಲು ಖಾಲಿ ಗಾಡಿಯನ್ನು ಜನವಿಲ್ಲದ ದಾರಿಗೆ ಒಯ್ದು, 50ರ ವೇಗದಿಂದ 20ಕ್ಕೆ ಮೆಲ್ಲನೆ ಇಳಿಸಲಿ. ನಡುನಡುವೆ ಆರಲು ಬಿಡುತ್ತ ಇಪ್ಪತ್ತು ಸಲ. ಕಾದ ಡಿಸ್ಕಿನ ಮೇಲೆ ಬ್ರೇಕನ್ನು ಒತ್ತಿ ಹಿಡಿದು ನಿಲ್ಲುವುದು ಬೇಡ. ಹಿಂದಿನ ಡ್ರಮ್ಮುಗಳ ವಿಷಯ ಮುಂದಿನ ಸಂಚಿಕೆಗಿರಲಿ.