ಎರಡು ಫೇಸುಗಳ ನಡುವಿನ ಕಾಯಿಲ್

ಹೊಲದ ಪಂಪ್‌ಮನೆಯಲ್ಲಿ ಹಸಿರು ಗುಂಡಿ ಒತ್ತಿದೊಡನೆ ಸ್ಟಾರ್ಟರ್ ಪೆಟ್ಟಿಗೆಯೊಳಗೆ 'ಟಪ್' ಎಂದು ಸದ್ದಾಗುತ್ತದೆ. ಮೋಟಾರು ತಿರುಗುತ್ತದೆ, ನೀರು ಬರುತ್ತದೆ. ಆ ಸದ್ದಿಗೆ ಕಾರಣ ತೆಳು ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿದ ಒಂದು ಕಾಯಿಲ್. ಪಠ್ಯಪುಸ್ತಕದ ವಿದ್ಯುತ್ಕಾಂತವೇ ಇದು. ಕಬ್ಬಿಣದ ತುಂಡೊಂದನ್ನು ಸೆಳೆದು ಮೂರು ಫೇಸಿನ ಸಂಪರ್ಕಗಳನ್ನೂ ಒಮ್ಮೆಗೇ ಕೂಡಿಸುತ್ತದೆ. ಬಹಳಷ್ಟು ಸ್ಟಾರ್ಟರುಗಳಲ್ಲಿ ಅದರ ಮೇಲೆ 415 ವೋಲ್ಟ್ ಎಂದು ಬರೆದಿರುತ್ತದೆ. ಮನೆಗೆ ಬರುವುದು 240 ವೋಲ್ಟ್ ತಾನೆ (ಈಚೆಗೆ 230 ಎಂದೂ ಬರೆಯುವುದುಂಟು), ಈ 415 ಎಲ್ಲಿಂದ ಬಂತು?

ಮನೆಯ 240 ವೋಲ್ಟ್ ಎಂಬುದು ಒಂದು ಫೇಸಿಗೂ ನ್ಯೂಟ್ರಲ್ ತಂತಿಗೂ ನಡುವಿನ ಲೆಕ್ಕ. ಸ್ಟಾರ್ಟರಿನ ಕಾಯಿಲ್‌ಗೆ ನ್ಯೂಟ್ರಲ್ ಇಲ್ಲ. ಅದರ ಒಂದು ತುದಿ ಒಂದು ಫೇಸಿಗೆ, ಇನ್ನೊಂದು ತುದಿ ಮತ್ತೊಂದು ಫೇಸಿಗೆ. ಹಾಗಾದರೆ 240ಕ್ಕೆ 240 ಕೂಡಿಸಿ 480 ಆಗಬೇಡವೆ? ಆಗುವುದಿಲ್ಲ. ಮೂರು ಫೇಸುಗಳು ಒಟ್ಟಿಗೆ ಏರಿಳಿಯುವುದಿಲ್ಲ, ಒಂದರ ಹಿಂದೆ ಒಂದು 120 ಡಿಗ್ರಿ ತಡವಾಗಿ ಬರುತ್ತವೆ. ಕಾಗದದ ಮೇಲೆ ಒಂದು ಬಿಂದುವಿನಿಂದ 120 ಡಿಗ್ರಿ ಕೋನದಲ್ಲಿ 24 ಮಿಲಿಮೀಟರಿನ ಎರಡು ಗೆರೆ ಎಳೆದು, ಅವುಗಳ ತುದಿಗಳ ನಡುವಿನ ದೂರವನ್ನು ಅಳೆದರೆ ಸುಮಾರು 41.5 ಮಿಲಿಮೀಟರ್ ಬರುತ್ತದೆ. 240ನ್ನು ಮೂರರ ವರ್ಗಮೂಲವಾದ 1.732ರಿಂದ ಗುಣಿಸಿದ ಉತ್ತರವೂ ಅದೇ. ಜ್ಯಾಮಿತಿ ಪರೀಕ್ಷೆಗಷ್ಟೇ ಎನ್ನುವವರು ಈ ಚಿತ್ರ ಬರೆದು ನೋಡಬೇಕು.

ಕಾಯಿಲ್ ಸುಟ್ಟಾಗ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕುವುದುಂಟು. 240 ವೋಲ್ಟಿನದನ್ನು ಎರಡು ಫೇಸಿಗೆ ಕೊಟ್ಟರೆ ಬೇಗನೆ ಹೊಗೆಯಾಡುತ್ತದೆ, ಇದು ಯಾರಿಗೂ ತಿಳಿಯುವಂಥದ್ದು. ಆದರೆ 415ರದನ್ನು 240ಕ್ಕೆ ಕೊಟ್ಟರೂ ಅದು ಸುಡಬಹುದು! ಸೆಳೆತದ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಕಬ್ಬಿಣ ಪೂರ್ತಿ ಮುಚ್ಚಿಕೊಳ್ಳದೆ ಗಡಗಡ ನಡುಗುತ್ತದೆ. ನಡುವೆ ಗಾಳಿಯ ಸಂದಿ ಉಳಿದಷ್ಟು ಕಾಲ ಕಾಯಿಲ್ ತನ್ನೊಳಗಿನ ಪ್ರವಾಹವನ್ನು ಸರಿಯಾಗಿ ತಡೆಯಲಾರದು, ಬಿಸಿಯೇರಿ ಕರಕಲಾಗುತ್ತದೆ. ಬೇಸಿಗೆಯಲ್ಲಿ ವೋಲ್ಟೇಜು ತೀರ ಕುಸಿದಾಗ ಸ್ಟಾರ್ಟರುಗಳು ಗುರುಗುಟ್ಟುವುದಕ್ಕೂ ಇದೇ ಕಾರಣ. ಆಗ ಕಡ್ಡಿ ಸಿಕ್ಕಿಸಿ ಒತ್ತಿ ಹಿಡಿಯುವ ಜಾಣತನ ಮೋಟಾರಿಗೇ ಎರವಾಗುತ್ತದೆ.

ಕರೆಂಟು ಹೋದರೆ ಕಾಯಿಲ್ ಕೈಬಿಡುತ್ತದೆ, ಮತ್ತೆ ಬಂದಾಗ ತಾನಾಗಿ ಹಿಡಿಯುವುದಿಲ್ಲ. ಇದು ಅದರ ದೊಡ್ಡ ಗುಣ. ಆದರೆ ಅದು ಕಾಯುವುದು ಎರಡು ಫೇಸುಗಳನ್ನು ಮಾತ್ರ. ಟಿ.ಸಿ.ಯಲ್ಲಿ ಮೂರನೆಯ ಫೇಸಿನ ಫ್ಯೂಸ್ ಹೋದರೆ ಅದಕ್ಕೆ ಸುದ್ದಿಯೇ ತಲುಪದು. ಓಡುತ್ತಿದ್ದ ಮೋಟಾರು ಉಳಿದೆರಡರ ಬಲದಲ್ಲಿ ಓಡುತ್ತಲೇ ಇರುತ್ತದೆ. ಅದೇ ಹೊರೆಯನ್ನು ಹೊರಲು ಆ ತಂತಿಗಳಲ್ಲಿ ಪ್ರವಾಹ ಸುಮಾರು ಒಂದೂಮುಕ್ಕಾಲು ಪಟ್ಟು ಏರುತ್ತದೆ. ಶಾಖವೋ ಪ್ರವಾಹದ ವರ್ಗದಂತೆ ಏರುವಂಥದ್ದು, ಅಂದರೆ ಮೂರು ಪಟ್ಟು. ಕಾಯಿಲ್ ಕಾಯುತ್ತಿರುವ ಫೇಸೇ ಹೋದರೆ? ಆಗಲೂ ಅದು ಮೋಸಹೋಗಬಹುದು. ತಿರುಗುತ್ತಿರುವ ಮೋಟಾರು ತಾನೇ ಜನರೇಟರಿನಂತೆ ಕಡಿದ ಫೇಸಿನ ತಂತಿಯಲ್ಲಿ ವೋಲ್ಟೇಜು ಹುಟ್ಟಿಸಿ, ಮುಚ್ಚಿದ ಸಂಪರ್ಕದ ಮೂಲಕ ಕಾಯಿಲ್‌ಗೆ ಹಿಂದಿರುಗಿಸುತ್ತದೆ. ತನ್ನನ್ನು ಉಳಿಸಬೇಕಾದ ಕಾವಲುಗಾರನಿಗೆ ಮೋಟಾರೇ ಸುಳ್ಳು ಹೇಳಿದಂತೆ.

ನೂರಾರು ಅಡಿ ಆಳದ ಕೊಳವೆ ಬಾವಿಯ ಮೋಟಾರು ಸುಟ್ಟರೆ ಪೈಪುಗಳನ್ನೆಲ್ಲ ಎತ್ತಿಸಬೇಕು, ರೀವೈಂಡಿಂಗ್ ಮಾಡಿಸಬೇಕು. ಅಷ್ಟರಲ್ಲಿ ಪೈರು ಬಾಡುತ್ತದೆ. ಓವರ್‌ಲೋಡ್ ರಿಲೇಯ ಜೋಡಿಲೋಹದ ಪಟ್ಟಿಗಳು ಬಿಸಿಗೆ ಬಾಗಿ ಕಾಯಿಲ್ ಬಿಡಿಸುವುದುಂಟು. ಅದೂ ಮೋಟಾರಿಗೆ ತಕ್ಕ ಆಂಪಿಯರಿಗೆ ತಿರುಗಿಸಿಟ್ಟಿದ್ದರೆ ಮಾತ್ರ. ಪದೇ ಪದೇ ಬೀಳುತ್ತದೆಂದು ಅದನ್ನು ಏರಿಸಿಟ್ಟವರೇ ಹೆಚ್ಚು. ಇದಕ್ಕೆ ಸಿಗುವ ಉಪಕರಣದ ಹೆಸರು ಸಿಂಗಲ್ ಫೇಸಿಂಗ್ ಪ್ರಿವೆಂಟರ್. ಅದರಲ್ಲೂ ಬರೀ ವೋಲ್ಟೇಜು ನೋಡುವುದಕ್ಕಿಂತ ಮೂರು ತಂತಿಗಳ ಪ್ರವಾಹವನ್ನು ಹೋಲಿಸಿ ನೋಡುವಂಥದ್ದು ವಾಸಿ. ಮೋಟಾರು ಹುಟ್ಟಿಸುವ ವೋಲ್ಟೇಜಿಗೆ ಅದು ಮರುಳಾಗುವುದಿಲ್ಲ.

ಮಕ್ಕಳನ್ನು ಪಂಪ್‌ಮನೆಗೆ ಕಳಿಸುವ ತಂದೆತಾಯಂದಿರು ಒಂದನ್ನು ತಿಳಿದಿರಬೇಕು. ಕೆಂಪು ಗುಂಡಿ ಒತ್ತಿದರೆ ಕಾಯಿಲ್‌ನ ಒಂದು ಫೇಸು ಮಾತ್ರ ಕಡಿಯುತ್ತದೆ, ಇನ್ನೊಂದು ಹಾಗೆಯೇ ಇರುತ್ತದೆ. ಆ ವಿದ್ಯುತ್ತು ಕಾಯಿಲ್‌ನ ಸುರುಳಿಯ ಮೂಲಕ ಹಾದು ಎರಡನೆಯ ತುದಿಗೂ ಬಂದಿರುತ್ತದೆ. ಮೋಟಾರು ನಿಂತಿದ್ದರೂ ಟೆಸ್ಟರ್ ಎರಡೂ ಕಡೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮೇನ್ ಸ್ವಿಚ್ ಇಳಿಸಿ, ಫ್ಯೂಸುಗಳನ್ನು ಕಿತ್ತು ಕೈಯಲ್ಲಿಟ್ಟುಕೊಂಡ ಮೇಲೆಯೇ ಮುಚ್ಚಳ ತೆರೆಯಬೇಕು; ಅದನ್ನೂ ಬಲ್ಲ ಎಲೆಕ್ಟ್ರಿಷಿಯನ್ನೇ ಮಾಡಬೇಕು.