ಶಹಾಪುರದ ಮಲಗಿದ ಬುದ್ಧನೂ ನಮ್ಮ ಬಾಲಿಕೆಯರ ಪ್ರವಾಸವೂ

ಪ್ರವಾಸದ ಅನುಮತಿಪತ್ರಗಳು ಮನೆಗಳಿಗೆ ಹೋದೊಡನೆ ಪೋಷಕರಿಂದ ಎರಡು ಆಕ್ಷೇಪಣೆಗಳು ಬರುವುದುಂಟು. ಕಲ್ಲುಗುಡ್ಡವನ್ನು ನೋಡಿ ಹೆಣ್ಣುಮಕ್ಕಳು ಕಲಿಯತಕ್ಕದ್ದೇನು ಎಂಬುದು ಒಂದು. ಕ್ರೈಸ್ತ ಶಾಲೆಯ ಮಕ್ಕಳಿಗೆ ಬುದ್ಧನ ದರ್ಶನವೇಕೆ ಎಂಬುದು ಇನ್ನೊಂದು. ಎರಡಕ್ಕೂ ವಿನಯಪೂರ್ವಕವಾಗಿ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಸೈದಾಪುರದಿಂದ ಹೊರಟು ಯಾದಗಿರಿಯನ್ನು ಹಾದು, ಭೀಮಾನದಿಯನ್ನು ದಾಟಿ ಮುಂದೆ ಸಾಗಿದರೆ, ಶಹಾಪುರದ ಸಮೀಪದಲ್ಲಿ ರಸ್ತೆಯ ಒಂದೆಡೆಯಿಂದ ನಾಲ್ಕು ಗುಡ್ಡಗಳು ಒಂದಾಗಿ ಕೂಡಿ, ಅಂಗಾತ ಮಲಗಿದ ಮನುಷ್ಯನ ಆಕಾರವನ್ನು ತಾಳುವುವು. ಜನರು ಇದನ್ನೇ ಮಲಗಿದ ಬುದ್ಧನೆನ್ನುವರು. ವಾಹನವು ಇನ್ನಷ್ಟು ಮುಂದೆ ಸರಿಯಿತೆಂದರೆ ಆ ಮುಖವು ಚದರಿಹೋಗಿ ಬರಿಯ ಗುಡ್ಡಗಳೇ ಉಳಿಯುವುವು. ಇದನ್ನು ಯಾವ ಶಿಲ್ಪಿಯೂ ಕಡೆದುದಲ್ಲ. ಈ ಸೀಮೆಯ ಕಣಶಿಲೆಯು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಹೆಪ್ಪುಗಟ್ಟಿದುದು. ಮೇಲಣ ನೆಲವು ಸವೆದು ಹೋದ ಬಳಿಕ ಬಿಸಿಲು ಮಳೆಗಳು ಬಿರುಕುಗಳಲ್ಲಿ ಹೊಕ್ಕು, ಮೂಲೆಗಳನ್ನು ತಿಂದು, ಬಂಡೆಗಳನ್ನು ದುಂಡಗೆ ಮಾಡಿದುವು. ಶಿಥಿಲೀಕರಣವೆಂಬ ಪದವನ್ನು ನಮ್ಮ ಬಾಲಿಕೆಯರು ಬಾಯಿಪಾಠ ಒಪ್ಪಿಸಬಲ್ಲರು. ಅದರ ಕೆಲಸವನ್ನು ಕಣ್ಣಿನಿಂದ ಕಂಡವರು ಬಹು ಕಡಮೆ.

ಇನ್ನು ಎರಡನೆಯ ಆಕ್ಷೇಪಣೆ. ಬೆಟ್ಟವನ್ನು ನೋಡುವುದು ವಿಗ್ರಹಾರಾಧನೆಯಲ್ಲ. ಬೆಟ್ಟಗಳನ್ನು ನಿರ್ಮಿಸಿದಾತನನ್ನು ಸ್ತುತಿಸುವ ನಾವು ಅವುಗಳಿಗೆ ಬೆನ್ನು ತಿರುಗಿಸುವುದೇ ವಿಚಿತ್ರ. ಬೌದ್ಧಧರ್ಮವಾದರೋ ಈ ನೆಲಕ್ಕೆ ನಿಜವಾಗಿಯೂ ಬಂದಿತ್ತು. ನೆರೆಯ ಕಲಬುರಗಿ ಜಿಲ್ಲೆಯಲ್ಲಿ, ಇದೇ ಭೀಮಾತೀರದ ಸನ್ನತಿಯಲ್ಲಿ, 1986ರಲ್ಲಿ ಗುಡಿಯೊಂದರ ಛಾವಣಿ ಕುಸಿದಾಗ ಕಾಳಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂದಿತು. ಅಲ್ಲಿಯೇ ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನು ಕೊರೆದ ಅವನ ಪ್ರತಿಮೆಯೇ ದೊರೆತಿದೆ. ಸನ್ನತಿಯದು ಮನುಷ್ಯರು ಬರೆದಿಟ್ಟ ಸಾಕ್ಷಿ. ಶಹಾಪುರದ್ದು ನಮ್ಮ ಕಣ್ಣು ಕಟ್ಟಿಕೊಂಡ ರೂಪ. ಒಂದನ್ನು ಇನ್ನೊಂದಕ್ಕೆ ಪ್ರಮಾಣವೆಂದು ಹೇಳಲಾಗದು. ಈ ಭೇದವನ್ನು ಹದಿನಾಲ್ಕು ವರ್ಷದ ಹುಡುಗಿ ರಸ್ತೆಯ ಬದಿಯಲ್ಲಿ ನಿಂತು ತಾನೇ ಕಂಡುಕೊಂಡರೆ ಪ್ರವಾಸದ ವೆಚ್ಚವು ಸಾರ್ಥಕವೆಂದೇ ನಮ್ಮ ಅಭಿಪ್ರಾಯ.

ಗಂಡುಮಕ್ಕಳು ಯಾರನ್ನೂ ಕೇಳದೆ ಸೈಕಲ್ಲೇರಿ ಹೋಗಿ ಬರುವರು. ನಮ್ಮ ಜೊತೆಯಲ್ಲಿ ಓದಿದ ಕೆಲವರಾದರೋ ಈ ಬೆಟ್ಟವನ್ನು ಮೊದಲು ಕಂಡುದು ಗಂಡನ ಮನೆಗೆ ಹೋಗುವ ಬಸ್ಸಿನ ಕಿಟಕಿಯಿಂದ, ಅದೂ ಕಣ್ಣೊರಸಿಕೊಳ್ಳುತ್ತ! ಮಗಳನ್ನು ಒಂದು ದಿನ ಕಳುಹಿಸಲು ಹಿಂಜರಿಯುವ ತಂದೆತಾಯಂದಿರು ಇದನ್ನು ನೆನೆಯಬೇಕು. ಮಾರ್ಗದ ಭಯವಿದ್ದರೆ ತಾಯಂದಿರೇ ಜೊತೆಗೆ ಬರಲಿ.

ಉಪಾಧ್ಯಾಯಿನಿಯರಲ್ಲಿಯೂ ಒಂದು ಬಿನ್ನಹವುಂಟು. ಎರಡು ಛಾಯಾಚಿತ್ರ ತೆಗೆದು ಓಡಬಾರದು. ಬಿಸಿಲೇರುವ ಮೊದಲೇ ತಲುಪಿ, ಅರ್ಧ ಗಂಟೆ ನಿಂತು, ಕಂಡುದನ್ನು ಮಕ್ಕಳಿಂದ ಬರೆಯಿಸಬೇಕು. ಬಂಡೆಗಳ ಮೇಲೆ ಹೆಸರು ಬರೆಯಲು ಯಾರಿಗೂ ಎಡೆಗೊಡಬಾರದು. ಜೊತೆಯಲ್ಲಿ ಬರಲು ಅನುಕೂಲವುಳ್ಳ ಹಳೆಯ ವಿದ್ಯಾರ್ಥಿನಿಯರು ಮುಖ್ಯೋಪಾಧ್ಯಾಯಿನಿಯವರಿಗೆ ಮುಂಚಿತವಾಗಿ ತಿಳಿಸಿದರೆ, ಊಟದ ಬುತ್ತಿಯನ್ನೂ ಕುಡಿಯುವ ನೀರನ್ನೂ ಅದಕ್ಕನುಸಾರವಾಗಿ ಸಿದ್ಧಪಡಿಸಬಹುದು.